ಎಳೆಗೋಣದ ಕರಾರು

ಮೈಗೆ ಮೈ ಢಿಕ್ಕಿ ಹೊಡೆದು ಆಡುವ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೊಸಬರಲ್ಲಿ ಮೂರನೆಯದಾಗಿ ಆಯ್ಕೆಯಾದ ಎಳೆಗೋಣ, ಒಡೆಯ ಸಿಂಹದ ಮುಂದೆ ಗೊರಸು ಬಡಿಯಿತು.

"ನಾಲ್ಕು ವರ್ಷಕ್ಕೆ ಬರೀ ನೂರು ಹೊರೆ ಹುಲ್ಲೇ? ಇನ್ನೂರು ಬೇಕು!"

"ಮೂರನೆಯ ಆಯ್ಕೆಗೆ ನೂರೇ. ಎಲ್ಲ ತಂಡಗಳೂ ಒಪ್ಪಿದ ದರ," ಎಂದಿತು ಸಿಂಹ.

ಕೋಣದ ಪರವಾಗಿ ಮಾತಾಡಲು ಬಂದಿದ್ದ ಮುದಿ ಆಮೆ ಕತ್ತು ಹೊರಹಾಕಿತು. "ನೀನು ಸುಮ್ಮನಿರಪ್ಪ. ಒಡೆಯರೇ, ನೂರೇ ಇರಲಿ. ಕಾಲು ಮುರಿದರೂ ಅಷ್ಟನ್ನೂ ಕೊಡುತ್ತೇವೆಂದು ಬರೆಯಿರಿ."

ಕೋಣ ನಕ್ಕಿತು. "ಈ ಕಾಲು ಮುರಿಯುತ್ತದೆಯೇ, ಅಜ್ಜ?"

"ಮುರಿಯದಿದ್ದರೆ ಬರೆಯಲು ಅವರಿಗೇನು ಕಷ್ಟ?"

ಸಿಂಹ ಬಹಳ ಹೊತ್ತು ಮೀಸೆ ನೆಕ್ಕಿ, ಕೊನೆಗೆ ಬರೆಯಿತು.

ಮೊದಲ ಆಟದಲ್ಲೇ ಕೋಣದ ಮಂಡಿ ಮುರಿಯಿತು. ಹುಲ್ಲು ಮಾತ್ರ ನಾಲ್ಕು ವರ್ಷವೂ ತಪ್ಪದೆ ಬಂತು. ಪ್ರತಿ ಹೊರೆಯ ಮೊದಲ ಹಿಡಿಯನ್ನು ಕೋಣ ಆಮೆಗೆಂದು ಎತ್ತಿಡುತ್ತಿತ್ತು.