ಬೋಣಿಯಾಗದ ಸಂತೆ

“ಹೊನ್ನಗುಡ್ಡದ ಪ್ರಜೆಗಳೆಲ್ಲ ಕೇಳಿ. ಸಂತೆ ಸತ್ತ ವರ್ಷ ಮತ್ತೆ ಬರುತ್ತದೆಯೋ ಇಲ್ಲವೋ ಎಂಬುದು ದೊರೆಗೆ ತಿಳಿಯಬೇಕಾಗಿದೆ. ರಾಜಕುಮಾರಿ ಎರಡು ಒಗಟು ಕೇಳುತ್ತಾರೆ, ಮೂರನೆಯದನ್ನು ದೊರೆಯೇ ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯ ಕೈ ಮತ್ತು ಅರ್ಧ ರಾಜ್ಯ. ತಪ್ಪಿದವನಿಗೆ ಶೂಲ.”

ಡಂಗುರದವನು ಹೀಗೆ ಸಾರಿಕೊಂಡು ಹೋದ. ಜನ ಬಾಗಿಲಿಗೆ ಬಂದು ಕೇಳಿದರು, ಒಳಗೆ ಹೋದರು. ಸಂತೆ ಸತ್ತ ವರ್ಷವೆಂದರೆ ಬರಗಾಲದ ವರ್ಷವಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಆ ವರ್ಷ ಮಳೆ ಚೆನ್ನಾಗಿತ್ತು. ಶತ್ರುಗಳು ಬರಲಿಲ್ಲ, ರೋಗವೂ ಬರಲಿಲ್ಲ. ರೈತನ ಕಣದಲ್ಲಿ ಜೋಳವಿತ್ತು, ಕುಂಬಾರನ ಬಳಿ ಮಡಕೆ, ಗಾಣಿಗರ ಬಳಿ ಎಣ್ಣೆ, ನೇಕಾರನ ಬಳಿ ಸೀರೆ. ಎಲ್ಲವೂ ಇತ್ತು, ಕೊಳ್ಳುವವರು ಮಾತ್ರ ಇರಲಿಲ್ಲ. ಜೋಳ ಕಣದಲ್ಲೇ ಹುಳು ಹಿಡಿಯಿತು, ಉಳಿದವರು ತಮ್ಮ ತಮ್ಮ ಸರಕಿನ ಪಕ್ಕದಲ್ಲಿ ಹಸಿದು ಸತ್ತರು. ಈಗ ಸಂತೆ ಮತ್ತೆ ತೆಳ್ಳಗಾಗತೊಡಗಿತ್ತು. ದೊರೆ ಭೂತರಸನಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ.

ಬುಟ್ಟಿ ಹೆಣೆಯುವ ಮೇದರ ದ್ಯಾವನ ಅಪ್ಪ ಸತ್ತದ್ದು ಆ ವರ್ಷವೇ, ಮಾರದೆ ಉಳಿದ ಮೊರಗಳ ರಾಶಿಗೆ ಒರಗಿಕೊಂಡು. ಈಗ ಅವನ ಅವ್ವ ತನ್ನ ಪಾಲಿನ ಮುದ್ದೆಯನ್ನು ಅವನ ತಟ್ಟೆಗೆ ಸರಿಸತೊಡಗಿದ್ದಳು. ಇನ್ನೊಂದು ಅಂಥ ವರ್ಷ ಬಂದರೆ ಅವಳು ಉಳಿಯುವುದಿಲ್ಲವೆಂದು ದ್ಯಾವನಿಗೆ ಗೊತ್ತಿತ್ತು.

“ರಾಜಕುಮಾರಿ ನಿನಗ್ಯಾಕೋ? ಬಿದಿರು ಸೀಳೋಕೆ ಬರ್ತಾಳಾ?” ಎಂದಳು ಅವ್ವ, ಅವನು ಸಭೆಗೆ ಹೊರಟಾಗ.

“ಬರಲ್ಲ ಕಣವ್ವ. ಅಪ್ಪ ಯಾಕೆ ಸತ್ತ ಅಂತ ಅರಮನೆಗೆ ಹೋಗಿ ಒಬ್ಬರಾದ್ರೂ ಹೇಳ್ಬೇಕಲ್ಲ.”

ಸಭೆಯಲ್ಲಿ ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು, ದಳವಾಯಿಯ ಮಗ ಮತ್ತು ದೊಡ್ಡ ಶೆಟ್ಟರ ಮಗ. ರಾಜಕುಮಾರಿ ನಾಗಲೆ ಮೊದಲ ಒಗಟು ಹೇಳಿದಳು. “ಬೀಗವಿಲ್ಲದ ಒಂದು ಬಾಗಿಲು. ಊರೆಲ್ಲ ಅದರ ಮುಂದೆ ಕೂತಿದೆ. ಯಾರಾದರೂ ಒಬ್ಬರು ದಾಟಿದರೆ ಎಲ್ಲರಿಗೂ ದಾರಿ. ಯಾರೂ ದಾಟಲಿಲ್ಲ, ಕೂತಲ್ಲೇ ಸತ್ತರು. ಯಾವ ಬಾಗಿಲು?”

“ಶತ್ರುವಿನ ಕೋಟೆ ಬಾಗಿಲು,” ಎಂದ ದಳವಾಯಿಯ ಮಗ. ಅವಳು ತಲೆಯಲ್ಲಾಡಿಸಿದಳು. ಭಟರು ಅವನನ್ನು ಹೊರಗೆ ಕರೆದೊಯ್ದರು. ಕೂಗು ಒಳಗೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಶೆಟ್ಟರ ಮಗ ಬೆವರುತ್ತ ದ್ಯಾವನ ಕಡೆ ತಿರುಗಿದ. “ಏನೋ ಮೇದರವನೇ, ನನ್ನ ಚಟ್ಟಕ್ಕೆ ಬಿದಿರು ತಂದಿದ್ದೀಯಾ?”

“ತಂದಿಲ್ಲ ಧಣಿ. ತಂದಿದ್ದರೂ ನಮ್ಮಿಬ್ಬರಿಗೆ ಸಾಲುತ್ತಿರಲಿಲ್ಲ.”

ಶೆಟ್ಟರ ಮಗ ನಕ್ಕ. “ಯಮನ ಬಾಗಿಲು,” ಎಂದ. ಅವನನ್ನೂ ಕರೆದೊಯ್ದರು.

ದ್ಯಾವನ ಸರದಿ ಬಂತು. “ಅದು ಬೋಣಿ, ಅಮ್ಮಣ್ಣಿ,” ಎಂದ.

ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರೆ. ಬೋಣಿಯಾಗುವ ಮೊದಲು ಕೈಯಿಂದ ಕಾಸು ಬಿಟ್ಟರೂ ಸರಕಿಗೆ ಸರಕು ಕೊಟ್ಟರೂ ಲಕ್ಷ್ಮಿ ಹೊರಟುಹೋಗುತ್ತಾಳೆಂಬುದು ಹೊನ್ನಗುಡ್ಡದ ನಂಬಿಕೆ. “ಅಪ್ಪನಿಗೆ ಜೋಳ ಬೇಕಿತ್ತು. ಮೊರ ಮಾರದೆ ಕೊಳ್ಳುವಂತಿರಲಿಲ್ಲ. ಜೋಳದವನಿಗೆ ಮೊರ ಬೇಕಿತ್ತು, ಜೋಳ ಹೋಗದೆ ಅವನೂ ಕೊಳ್ಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಹೊತ್ತು ಮುಳುಗಿತು.”

“ಸರಿ,” ಎಂದಳು ನಾಗಲೆ. ಎರಡನೆಯದನ್ನು ಕೇಳುವಾಗ ಅವಳ ದನಿ ಇಳಿದಿತ್ತು. “ಒಂದು ಕಲ್ಲು ಜಾರಿತು, ಕೆರೆಯ ಏರಿಯೆಲ್ಲ ಒಡೆಯಿತು. ಕಲ್ಲು ಜಾರಿಸಿದ ಕೈ ಇವತ್ತಿಗೂ ಒಪ್ಪಿಕೊಂಡಿಲ್ಲ. ಆ ಕೈಯಲ್ಲಿ ಏನಿದೆ?”

ದ್ಯಾವನಿಗೆ ಉತ್ತರ ಗೊತ್ತಿತ್ತು. ಆದರೆ ಹೇಳಿದರೂ ಶೂಲ, ಹೇಳದಿದ್ದರೂ ಶೂಲ ಎಂದು ಅವನಿಗೆ ಅನ್ನಿಸಿತ್ತು.

“ಮುದ್ರೆಯುಂಗುರ,” ಎಂದ ಕೊನೆಗೆ. “ಸಂತೆಯ ಮೊದಲ ಬೋಣಿ ಅರಮನೆಯದೇ ಆಗಿತ್ತು. ದೀಪದೆಣ್ಣೆ ಕೊಳ್ಳಲು ಊಳಿಗದವನು ಬರುತ್ತಿದ್ದ. ಸಮುದ್ರದಲ್ಲಿ ಅರಮನೆಯ ಸರಕಿನ ಹಡಗುಗಳು ಮುಳುಗಿದವೆಂದು ಗಾಳಿಸುದ್ದಿ ಬಂದ ವಾರ ಅವನು ಬರಲಿಲ್ಲ. ಅರಮನೆಯೇ ಕೈ ಬಿಗಿಹಿಡಿದ ಮೇಲೆ ನಮ್ಮಂಥವರು ಬಿಡುತ್ತಾರೆಯೇ?”

ಭೂತರಸ ತನ್ನ ಕೈಯ ಉಂಗುರ ನೋಡಿಕೊಂಡ. “ಒಂದು ವಾರ ಕಾದು ನೋಡೋಣ ಅಂದೆ, ಅಷ್ಟೇ.”

“ಎಲ್ಲರೂ ಅಷ್ಟೇ ಅಂದರು, ಪ್ರಭು.”

“ಉತ್ತರ ಸರಿ,” ಎಂದಳು ನಾಗಲೆ, ಅಪ್ಪನ ಕಡೆ ನೋಡದೆ. “ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಒಗಟು ಮಾಡಿದೆ.”

“ಹೊರಗೆ ಇಬ್ಬರು ಸತ್ತರಲ್ಲ, ಅಮ್ಮಣ್ಣಿ.”

ದೊರೆ ಮೂರನೆಯದನ್ನು ಕೇಳಿದ. ಅದು ಒಗಟಿನ ಹಾಗಿರಲಿಲ್ಲ. “ಹೋದದ್ದು ಮತ್ತೆ ಬರುತ್ತದೆಯೇ?” ಇಲ್ಲ ಎಂಬ ಉತ್ತರ ಕೇಳುವ ಆಸೆ ಅವನ ಮುಖದಲ್ಲಿ ಎಲ್ಲರಿಗೂ ಕಾಣುತ್ತಿತ್ತು.

“ಬರುತ್ತದೆ,” ಎಂದ ದ್ಯಾವ. “ಆಕಾಶದಿಂದ ಬಂದಿದ್ದರೆ ಹರಕೆ ಹೊರಬಹುದಿತ್ತು. ಅದು ಬಂದದ್ದು ನಮ್ಮ ಜಾಣತನದಿಂದ. ಕಾಸು ಬಿಗಿಹಿಡಿದದ್ದು ನಮ್ಮಪ್ಪನ ಮನೆಗೆ ಸರಿಯಾದ ಲೆಕ್ಕವೇ. ಪ್ರತಿ ಮನೆಯ ಲೆಕ್ಕವೂ ಸರಿ ಇತ್ತು, ಸತ್ತದ್ದು ಮಾತ್ರ ಊರು. ಜನರಿಗೆ ಭಯ ಇರುವವರೆಗೂ ಅದು ಬರುತ್ತದೆ. ಬಂದದ್ದು ನಿಲ್ಲುತ್ತದೋ ಹೋಗುತ್ತದೋ ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಭಯವಿದ್ದರೂ ಒಬ್ಬರು ಮೊದಲು ಕೊಳ್ಳಬೇಕು. ಹಸಿದವನಿಗೆ ಅದು ಆಗದು. ಹಸಿಯದವರು ಮಾಡಬೇಕು.”

ಭಟರು ದೊರೆಯ ಮುಖ ನೋಡಿದರು. ದೊರೆ ಸರಿಯೆಂದು ತಲೆಯಾಡಿಸಿದ. ಕೊಟ್ಟ ಮಾತಿನಂತೆ ದ್ಯಾವನಿಗೆ ಅರ್ಧ ರಾಜ್ಯ ಸಿಕ್ಕಿತು, ನಾಗಲೆಯೊಂದಿಗೆ ಮದುವೆಯಾಯಿತು. ಶೂಲಕ್ಕೇರಿದವರ ಮನೆಗಳಲ್ಲಿ ಅಂದು ಒಲೆ ಹಚ್ಚಿರಲಿಲ್ಲವಾದ್ದರಿಂದ ಮದುವೆಗೆ ವಾಲಗ ಬೇಡವೆಂದು ದ್ಯಾವನೇ ಹೇಳಿದ.

ಮುಂದಿನ ಸಂತೆಗೆ ಭೂತರಸ ನಡೆದುಕೊಂಡು ಬಂದು, ಗಾಣಿಗರ ಚೆನ್ನವ್ವನ ಬಳಿ ಎಣ್ಣೆ ಕೊಂಡ. ಅವಳು ಕಾಸನ್ನು ಕಣ್ಣಿಗೊತ್ತಿಕೊಂಡು ಸಂಚಿಗೆ ಸೇರಿಸಿ ಅಲ್ಲೇ ಕೂತಳು. “ದೊರೆಯೇ ಬಂದಿದ್ದಾನೆ ಅಂದರೆ ಗತಿ ಎಷ್ಟು ಕೆಟ್ಟಿರಬೇಕು,” ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಅದರ ಮುಂದಿನ ಸಂತೆಯಲ್ಲೂ ಹಾಗೆಯೇ ಆಯಿತು. ದೊರೆ ಮತ್ತೆ ಬಂದ, ಮತ್ತೆ ಬಂದ. ದ್ಯಾವನೂ ನಾಗಲೆಯೂ ಜೊತೆಗಿರುತ್ತಿದ್ದರು, ಯಾರನ್ನೂ ಒತ್ತಾಯಿಸಲಿಲ್ಲ.

ಕೊನೆಗೊಂದು ಸಂತೆಯ ದಿನ ಚೆನ್ನವ್ವ ಕಾಸನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ಎದ್ದಳು. ಸಂತೆಯೆಲ್ಲ ಅವಳನ್ನೇ ನೋಡುತ್ತಿತ್ತು. ಅವಳು ಕುಂಬಾರನ ಮುಂದೆ ನಿಂತು, “ಆ ಗಡಿಗೆ ಎಷ್ಟಪ್ಪ?” ಎಂದಳು.

ಕುಂಬಾರನಿಗೆ ಬೆಲೆ ಮರೆತುಹೋಗಿತ್ತು.