ತುರ್ಕಿ ಸೀಮೆಯ ಮೇಲಿಟ್ಟ ಬೆರಳು

ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ತಮ್ಮ ಕಡೆಗಾಲವನ್ನು ಕೊಳ್ಳೇಗಾಲದಾಚೆಯ ಹುಣಸೇಮಾಳವೆಂಬ ಹಳ್ಳಿಯಲ್ಲಿ ಕಳೆದರು. ಇನ್‌ಫ್ಲುಯೆಂಜಾ ಜ್ವರ ಬಂದು ಹೋದ ಮೇಲೆ ಅಲ್ಲಿನ ಕ್ರೈಸ್ತರ ಕೇರಿಯಲ್ಲಿ ಬೀಗ ಬಿದ್ದ ಬಾಗಿಲುಗಳೇ ಹೆಚ್ಚು. ಪೂಜೆಯ ನಡುವೆ ಸ್ವಾಮಿಗಳು ಜನರತ್ತ ತಿರುಗಿ ಆಶೀರ್ವದಿಸಿದರೆ ಬರಿಯ ನೆಲಕ್ಕೇ ಆಶೀರ್ವದಿಸಿದಂತಾಗುತ್ತಿತ್ತು. ಪಟ್ಟಣಕ್ಕೆ ಬಂದುಬಿಡಿ ಎಂದು ಬೇರೆ ಗುರುಗಳು ಕರೆದರೂ ಅವರು ಹೋಗಲಿಲ್ಲ. ಆ ಒಂಟಿತನ ಅವರನ್ನು ಎಷ್ಟು ತಿಂದಿತ್ತೆಂದು ಅವರು ಯಾರಲ್ಲೂ ಹೇಳಿಕೊಂಡವರಲ್ಲ. ನೆನೆದರೆ ನಮಗೇ ಸಂಕಟವಾಗುತ್ತದೆ.

ದೇವಾಲಯದ ಗೋಡೆಯ ಮೇಲೆ ಹಿಂದಿನ ಫ್ರೆಂಚ್ ಗುರುಗಳು ಬಿಟ್ಟುಹೋದ ಲೋಕದ ನಕ್ಷೆಯೊಂದಿತ್ತು. ದಿನವೂ ಸಂಜೆ ಸ್ವಾಮಿಗಳು ಅದರ ಮುಂದೆ ನಿಂತು, ಒಂದೊಂದು ದೇಶದ ಮೇಲೂ ಬೆರಳಿಟ್ಟು, "ಇಲ್ಲಿ ಬದುಕಿರುವವರ ಮೇಲೂ ಮಣ್ಣಾದವರ ಮೇಲೂ ಕರುಣೆಯಿಡು ಸರ್ವೇಶ್ವರಾ" ಎಂದು ಬೇಡುತ್ತಿದ್ದರು. ಗೆದ್ದಲು ಆ ನಕ್ಷೆಯ ಎರಡು ರಾಜ್ಯಗಳನ್ನು ತಿಂದು ತೇಗಿತ್ತು. ಸ್ವಾಮಿಗಳು ಆ ತೂತುಗಳನ್ನೂ ಬಿಡುತ್ತಿರಲಿಲ್ಲ. ಬೆರಳು ಗೋಡೆಯ ಸುಣ್ಣಕ್ಕೆ ತಾಗಿದರೂ ಪ್ರಾರ್ಥನೆ ಮಾತ್ರ ಪೂರ್ತಿಯಾಗಿಯೇ ನಡೆಯುತ್ತಿತ್ತು.

ಒಂದು ಸಂಜೆ ಚೌರಪ್ಪನೆಂಬವನು ಬಂದ. ಅವನೂ ಅವನ ತಮ್ಮ ಸಂತಿಯಾಗುವೂ ದೊಡ್ಡ ಯುದ್ಧದಲ್ಲಿ ಇಂಗ್ಲಿಷರ ಪಡೆಯ ಹೇಸರಗತ್ತೆ ಹೊಡೆಯಲು, ಆಗ ತುರ್ಕಿಯವರ ಕೈಯಲ್ಲಿದ್ದ ಮೆಸೊಪೊಟೇಮಿಯಕ್ಕೆ ಹೋದವರು, ಮರಳಿದವನು ಅಣ್ಣನೊಬ್ಬನೇ. ತಮ್ಮನನ್ನು ನದಿಯ ದಂಡೆಯಲ್ಲಿ ಅವಸರವಸರವಾಗಿ ಹೂತು ಪಡೆ ಮುಂದೆ ಸಾಗಿತ್ತು. ಜಪವಿಲ್ಲ, ಶಿಲುಬೆಯಿಲ್ಲ. ಮನೆಯಲ್ಲಿ ತಾಯಿ ಮದಲೇನಮ್ಮ, "ಮಣ್ಣು ಹಾಕೋವಾಗ ಪ್ರಾರ್ಥನೆ ಯಾರು ಹೇಳುದ್ರು ಮಗ?" ಎಂದು ದಿನಾ ಕೇಳುತ್ತಿದ್ದಳು. ಸುಳ್ಳು ಹೇಳಲು ಅವನಿಗೆ ಬಾಯಿ ಬಾರದು, ನಿಜ ಹೇಳಲು ಎದೆ ಸಾಲದು. ತಟ್ಟೆಯ ಮುಂದಿನಿಂದ ಎದ್ದು ಹೋಗಿಬಿಡುತ್ತಿದ್ದ.

ಸ್ವಾಮಿಗಳಿಗಾದರೂ ತನ್ನ ದುಃಖ ಹೇಳಿಕೊಳ್ಳೋಣವೆಂದು ಬಂದವನು, ಅವರ ಬೆರಳು ತುರ್ಕಿ ಸೀಮೆಯ ಮೇಲಿದ್ದುದನ್ನು ಕಂಡ. ಮೈಯೆಲ್ಲ ಉರಿದುಹೋಯಿತು.

"ಅವರ ಗುಂಡಿಗೇ ನನ್ ತಮ್ಮ ಸತ್ತದ್ದು ಸ್ವಾಮಿ! ಅವರಿಗೂ ಪ್ರಾರ್ಥನೆಯಾ? ಆ ರಾಜ್ಯ ಮುರಿದು ಬಿತ್ತು. ಈಗ ಇಂಗ್ಲಿಷ್‌ನೋರ್ದು ಬೆಳೀತಾ ಅದೆ. ಇದೆಲ್ಲ ನಿಮ್ ಸರ್ವೇಶ್ವರ ಮಾಡ್ಸುದ್ದೇ ಆದ್ರೆ, ನನ್ ತಮ್ಮ ಅವನ ಕಣ್ಣಿಗೆ ಬೀಳ್ಲೇ ಇಲ್ವಾ?"

ಸ್ವಾಮಿಗಳು ಬೆರಳು ತೆಗೆಯಲಿಲ್ಲ. "ಆ ಕಡೆಯೇ ಬಾಬಿಲೋನು ಪಟ್ಟಣ ಇತ್ತಲ್ಲ. ನೋಡಿದೆಯಾ ಮಗನೇ?"

"ಇಟ್ಟಿಗೆ ಗುಡ್ಡೆ ಸ್ವಾಮಿ. ಕುರಿ ಮೇಯ್ತಿದ್ದೊ."

"ಒಂದು ಕಾಲದಲ್ಲಿ ರಾಜರೆಲ್ಲ ಅದಕ್ಕೆ ನಡುಗುತ್ತಿದ್ದರು. ಸರ್ವೇಶ್ವರನು ಅಬ್ರಹಾಮನನ್ನು ಕರೆದಾಗ ಅವನಿಗೆ ಒಂದು ಕೂಸೂ ಇರಲಿಲ್ಲ. ಅವನಿಂದ ಜನಾಂಗವೇ ಬೆಳೆಯಿತು. ಬೆಳೆಸುವವನೂ ಸರ್ವೇಶ್ವರನೇ, ಇಳಿಸುವವನೂ ಅವನೇ. ಯಾಕೆಂದು ನನಗೆ ತಿಳಿಯದು. ಬೇಡುವುದಷ್ಟೇ ನನ್ನ ಪಾಲಿನ ಕೆಲಸ." ಆಮೇಲೆ ಕೇಳಿದರು: "ತಮ್ಮ ಎಲ್ಲಿ ಮಲಗಿದ್ದಾನೆ? ತೋರಿಸು."

ಚೌರಪ್ಪನಿಗೆ ಓದು ಬಾರದು. ಆದರೆ ಆ ನದಿಯ ಡೊಂಕನ್ನು ಅವನು ಮರೆಯುವಂತಿರಲಿಲ್ಲ. ಕಡಲಿನಿಂದ ನೀಲಿ ಗೆರೆ ಹಿಡಿದು ಮೇಲಕ್ಕೆ ಬಂದ ಅವನ ಬೆರಳು ಸ್ವಾಮಿಗಳ ಬೆರಳಿಗೆ ತಾಗಿ ನಿಂತಿತು.

"ಯುದ್ಧಕ್ಕೆ ಮೊದಲಿನಿಂದಲೂ ಈ ಮಣ್ಣಿನ ಮೇಲೆ ದಿನವೂ ಪ್ರಾರ್ಥನೆ ಆಗಿದೆ," ಎಂದರು ಸ್ವಾಮಿಗಳು. "ನಿನ್ನ ತಮ್ಮನನ್ನು ಹೂತ ದಿನವೂ ಆಗಿದೆ."

ಚೌರಪ್ಪ ಹೊರಟುಹೋದ. ಎಂದಿನಂತೆ ಸ್ವಾಮಿಗಳು ಒಬ್ಬರೇ ಉಳಿದರು. ಇನ್ನೂ ಬೇಡಬೇಕಾದ ದೇಶಗಳು ಬಹಳವಿದ್ದವು.

ಆ ರಾತ್ರಿ ಊಟಕ್ಕೆ ಕೂತಾಗ ತಾಯಿ ಮತ್ತೆ ಅದೇ ಮಾತು ಕೇಳಿದಳು. ಚೌರಪ್ಪ ಈ ಸಲ ಏಳಲಿಲ್ಲ.

"ಹೂತಾಗ ನಮ್ ಜೊತೇಲಿ ಯಾರೂ ಹೇಳ್ಲಿಲ್ಲ ಕಣವ್ವ. ನಮ್ ಸ್ವಾಮಿಗಳು ಇಲ್ಲಿಂದ್ಲೇ ಆ ಮಣ್ಣಿಗೆ ದಿನಾ ಹೇಳವ್ರೆ." ಆಮೇಲೆ ತಡವರಿಸುತ್ತ ಉಳಿದದ್ದನ್ನೂ ಹೇಳಿದ: "ತುರ್ಕಿಯವ್ರನ್ನೂ ಸೇರ್ಸೇ ಬೇಡ್ಕೊಂಡವ್ರೆ."

ಮದಲೇನಮ್ಮ ಒಲೆಯ ಕೆಂಡವನ್ನು ಕೆದಕಿದಳು.

"ಒಳ್ಳೇದೇ ಆಯ್ತು ಬುಡು ಮಗ," ಎಂದಳು. "ಅಲ್ಲೂ ಯಾರೋ ಅವ್ವ ನನ್ನಂಗೇ ಕೇಳ್ತಾ ಕುಂತಿರ್ತಾಳೆ."

ಯುದ್ಧದಿಂದ ಬಂದ ಮೇಲೆ ಚೌರಪ್ಪ ಅತ್ತದ್ದು ಅಂದೇ ಮೊದಲು. ಮಾರನೆಯ ಸಂಜೆ ಅವನು ತಾನಾಗಿಯೇ ದೇವಾಲಯಕ್ಕೆ ಬಂದು, ತುರ್ಕಿ ಸೀಮೆಯ ಸರದಿ ಬರುವವರೆಗೂ ಕಾದು ನಿಂತು, ಗಟ್ಟಿಯಾಗಿ ಆಮೆನ್ ಎಂದ.