ಶೂಲದ ಸಾಲು, ಮನ್ನಣೆಯ ಸಾಲು

"ಕೇಳ್ರಪ್ಪೋ ಕೇಳ್ರಿ! ದೊರೆಮಗಳು ಚಿನ್ನಾಂಬೆ ಮೂರು ಒಗಟು ಕೇಳ್ತಾಳ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗತೈತಿ. ತಪ್ಪು ಹೇಳಿದವರಿಗೆ ಹೊತ್ತು ಮುಳುಗೋದ್ರಾಗ ಶೂಲ!"

ಮೊರಡಿಪುರದ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು. ಆ ರಾಜ್ಯದ ಅರಮನೆಯಲ್ಲಿ ಒಂದು ಗಣಕಯಂತ್ರವಿತ್ತು. ಕೋಟೆ ಬಾಗಿಲು ತೆಗೆಯುವುದರಿಂದ ಹಿಡಿದು ಶೂಲಕ್ಕೆ ಏರಿಸುವವರೆಗೆ ಎಲ್ಲ ಅದರದೇ ಕಾರುಬಾರು. ಒಂದರ ಕೆಳಗೊಂದು ಅಪ್ಪಣೆ ಬರೆದು ಕೊಟ್ಟರೆ ಸಾಕು, ಅದು ಚಾಚೂ ತಪ್ಪದೆ ಮಾಡುತ್ತಿತ್ತು. ಆ ಬರಹಕ್ಕೆ ಸ್ಕ್ರಿಪ್ಟ್ ಎನ್ನುತ್ತಿದ್ದರು. ಅದನ್ನು ಕಲಿಸಲು ಒಂದು ಶಾಲೆ, ಆ ಶಾಲೆಗೊಂದು ವಿಚಿತ್ರ ಕಟ್ಟಳೆ: ಯಾರ ಸ್ಕ್ರಿಪ್ಟ್ ಕೆಟ್ಟಿತೋ ಅವರು ಅಂಗಳದಲ್ಲಿ ನಿಂತು ತಮ್ಮ ತಪ್ಪನ್ನು ಊರಿಗೆಲ್ಲ ಕೇಳುವಂತೆ ಕೂಗಬೇಕು.

ಹಾಗೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವನು ಗಾದಿಲಿಂಗ. ಹೋದ ಸಂಕ್ರಾಂತಿಗೆ ಸೇರಿದ ಹೊಸಬ. "ಇವತ್ತೇನಪ್ಪ ಮಂಗಳಾರತಿ?" ಎಂದು ಅವನ ಕೂಗಿಗೆ ಜನ ಕಾಯುತ್ತಿದ್ದರು. ಅವನ ಅಣ್ಣ ಎರ್ರಿಸ್ವಾಮಿ ಮಾತ್ರ ಒಂದು ಸಲವೂ ಕೂಗಿದವನಲ್ಲ. ತಪ್ಪಾದರೆ ಸದ್ದಿಲ್ಲದೆ ಅಳಿಸಿಬಿಡುವ ಜಾಣ. ಆ ಜಾಣನೇ ಬೆಳಿಗ್ಗೆ ಮೀಸೆ ತಿರುವಿಕೊಂಡು ಹೋಗಿ, ಮೊದಲ ಒಗಟಿಗೇ "ಆಸೆ" ಎಂದು ಹೇಳಿ, ಸೆರೆಮನೆ ಸೇರಿದ್ದ. ಸುದ್ದಿ ಕೇಳಿದ್ದೇ ಗಾದಿಲಿಂಗ ಚಪ್ಪಲಿಯನ್ನೂ ಮೆಟ್ಟದೆ ಅರಮನೆಗೆ ಓಡಿದ. ತನ್ನನ್ನು ಸಾಕಿದ ಅಣ್ಣ ಸಂಜೆಗೆ ಇರುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು.

ಒಗಟು ಬಿಡಿಸಲು ಸಭೆಯಲ್ಲಿ ಇನ್ನಿಬ್ಬರು ಉಳಿದಿದ್ದರು, ಒಬ್ಬ ಪಂಡಿತ, ಒಬ್ಬ ಪಾಳೆಯಗಾರನ ಮಗ. ಚಿನ್ನಾಂಬೆ ಮೊದಲ ಒಗಟನ್ನು ಮತ್ತೆ ಕೇಳಿದಳು.

"ಒಂದು ಡಬ್ಬಿಗೆ ಬೆಲ್ಲ ಹಾಕಿದೆ. ಆಮೇಲೆ ಅದೇ ಡಬ್ಬಿಗೆ ಉಪ್ಪು ಹಾಕಿದೆ. ತೆಗೆದು ನೋಡಿದರೆ ಉಪ್ಪಷ್ಟೇ ಇದೆ, ಬೆಲ್ಲದ ಚೂರೂ ಇಲ್ಲ. ಯಾರೂ ಕದ್ದಿಲ್ಲ. ಯಾವುದು ಆ ಡಬ್ಬಿ?"

"ಮನಸ್ಸು!" ಎಂದ ಪಂಡಿತ. "ಹೊಸ ದುಃಖ ಬಂದಾಗ ಹಳೆಯ ಸುಖ..."

ಮಾತು ಮುಗಿಯುವ ಮೊದಲೇ ಭಟರು ಅವನ ರಟ್ಟೆ ಹಿಡಿದರು, ಚಿನ್ನಾಂಬೆ ಅವನ ಹೆಸರನ್ನು ಯಂತ್ರಕ್ಕೆ ಬರೆದಳು.

ಗಾದಿಲಿಂಗ ಜನರನ್ನು ಸರಿಸಿ ಮುಂದೆ ಬಂದ. ಅಭ್ಯಾಸಬಲ, ಅಂಗಳದಲ್ಲಿ ಕೂಗಿದಂತೆಯೇ ಕೂಗಿದ. "ಅದು ವೇರಿಯಬಲ್ ರೀ ದೊರೆಸಾನಿ, ಸ್ಕ್ರಿಪ್ಟಿನ್ಯಾಗ ಹೆಸರು ಹಚ್ಚಿದ ಡಬ್ಬಿ! ಒಂದು ಹೊತ್ತಿಗೆ ಒಂದೇ ಹಿಡಿಸ್ತೈತಿ. ಹೊಸದು ಹಾಕಿದ್ರ ಹಳೇದು ಹೋತು. ನಾನು ಅಡುಗಿಮನಿ ಸ್ಕ್ರಿಪ್ಟಿನ್ಯಾಗ ಅನ್ನ ಇದ್ದ ಹೆಸರಿಗೇ ಸಾರು ಅಂತ ಬರದಿದ್ದೆ. ಆವತ್ತು ಶಾಲಿಯವರೆಲ್ಲ ಬರೇ ಸಾರು ಕುಡದು ಮಲಗಿದ್ರು."

ಸಭೆ ಗೊಳ್ಳೆಂದಿತು. ಚಿನ್ನಾಂಬೆ ನಗಲಿಲ್ಲ, ಸರಿಯೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು.

"ಐದು ಜನ ದಾಸಿಯರು ಸಾಲಾಗಿ ಕೂತಿದ್ದಾರೆ. 'ಒಂದು' ಎಂದು ಕರೆದರೆ ಎರಡನೆಯವಳು ಬರುತ್ತಾಳೆ. 'ಐದು' ಎಂದರೆ ಯಾರೂ ಬರುವುದಿಲ್ಲ. ಮೊದಲನೆಯವಳನ್ನು ಏನೆಂದು ಕರೆಯಲಿ?"

ಪಾಳೆಯಗಾರನ ಮಗ ಎದ್ದ. "ಅವಳು ದಾಸಿಯಲ್ಲ, ವೇಷ ಮರೆಸಿಕೊಂಡ ರಾಣಿ. ರಾಣಿಯನ್ನು ಕೂಗಿ ಕರೆಯಬಾರದು, ನಾವೇ ಹೋಗಿ ಕೈಮುಗಿಯಬೇಕು." ಉತ್ತರ ಚೆನ್ನಾಗಿಯೇ ಇತ್ತು, ಆದರೆ ತಪ್ಪು. ಅವನನ್ನೂ ಎಳೆದೊಯ್ದರು.

"ಸೊನ್ನಿ ಅಂತ ಕರೀಬೇಕ್ರಿ," ಎಂದ ಗಾದಿಲಿಂಗ. "ಆ ಸಾಲಿಗೆ ಸ್ಕ್ರಿಪ್ಟಿನ್ಯಾಗ 'ಅರೇ' ಅಂತಾರ. ಯಂತ್ರ ಅದನ್ನ ಸೊನ್ನಿಯಿಂದ ಎಣಿಸ್ತೈತಿ, ನಾವು ಒಂದರಿಂದ ಎಣಿಸ್ತೀವಿ. ಐದು ಮಂದಿಗೆ ಊಟ ಬಡಿಸಾಕ ನಾನು ಒಂದರಿಂದ ಐದು ಅಂತ ಬರದೆ. ಮೊದಲನೇ ಎಲಿಗೆ ಏನೂ ಬೀಳಲಿಲ್ಲ. ಕಡೀಕ ಯಂತ್ರ ಇಲ್ಲದ ಎಲಿ ಹುಡುಕಿ ನನಗ ಬೈದು ನಿಂತುಬಿಡ್ತು. ಹಸಕಂಡು ಕುಂತವರು ನಮ್ಮ ಗುರುಗಳು!"

ದೊರೆ ವೀರಮಲ್ಲನಿಗೂ ನಗು ತಡೆಯಲಾಗಲಿಲ್ಲ. ಚಿನ್ನಾಂಬೆ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಗ್ಗಿದ ದನಿಯಲ್ಲಿ ಮೂರನೆಯದನ್ನು ಕೇಳಿದಳು.

"ನಾನು ಬರೆದ ಸ್ಕ್ರಿಪ್ಟಿನಲ್ಲಿ ಹೆಸರುಗಳ ಎರಡು ಸಾಲಿವೆ, ಒಂದು ಮನ್ನಣೆಗೆ, ಒಂದು ಶೂಲಕ್ಕೆ. ಶೂಲದ ಸಾಲಿಗೆ ಯಾರನ್ನು ಸೇರಿಸಿದರೂ ಅವರು ಮನ್ನಣೆಯ ಸಾಲಲ್ಲೂ ಕಾಣುತ್ತಾರೆ. ಮನ್ನಣೆಯ ಸಾಲಿಗೆ ಅಪ್ಪಾಜಿಯ ಹೆಸರು ಬರೆದೆ, ಅದು ಶೂಲದ ಸಾಲಲ್ಲೂ ಬಂತು. ಅಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ. ಯಾಕೆ?"

ದೊರೆಯ ನಗು ಅಲ್ಲೇ ನಿಂತಿತು. "ಏನಂದೆ ಮಗಳೇ? ಶೂಲದ ಸಾಲಲ್ಲಿ ನನ್ನ ಹೆಸರೇ?"

"ಉತ್ತರ ನನಗೂ ಗೊತ್ತಿಲ್ಲ, ಅಪ್ಪಾಜಿ," ಎಂದಳು ಚಿನ್ನಾಂಬೆ, ಕಣ್ಣು ತುಂಬಿಕೊಂಡು. "ಅಂಗಳದಲ್ಲಿ ನಿಂತು ಕೂಗೋಕೆ ನಾಚಿಕೆಯಾಯ್ತು. ಅದಕ್ಕೇ ಒಗಟು ಅಂತ ಕೇಳಿದೆ."

ನೋಡಿ, ದೊಡ್ಡವರ ನಾಚಿಕೆಗೆ ಸಣ್ಣವರು ಶೂಲ ಏರುವುದು ಹೀಗೆ! ಹೊತ್ತು ಇಳಿಯುತ್ತಿತ್ತು, ಮುಳುಗಿದೊಡನೆ ಯಂತ್ರ ಶೂಲದ ಸಾಲಿನಲ್ಲಿದ್ದವರನ್ನೆಲ್ಲ ಏರಿಸಿಬಿಡುವುದಿತ್ತು.  ಗಾದಿಲಿಂಗ ಕೇಳಿದ, "ದೊರೆಸಾನಿ, ಎರಡನೇ ಸಾಲು ಹೆಂಗ ಮಾಡಿದ್ರಿ?"

"ಮನ್ನಣೆಯ ಸಾಲು ಖಾಲಿ ಇತ್ತು. ಶೂಲದ ಸಾಲು ಅಂದರೆ ಮನ್ನಣೆಯ ಸಾಲು ಅಂತ ಬರೆದೆ. ಅದರಂಥದ್ದೇ ಇನ್ನೊಂದು ಹುಟ್ಟುತ್ತೆ ಅಂದುಕೊಂಡೆ."

ಗಾದಿಲಿಂಗ ಹಣೆ ಚಚ್ಚಿಕೊಂಡ. "ಹುಟ್ಟಲಿಲ್ರಿ! ಇರೋದು ಒಂದೇ ಸಾಲು, ಹೆಸರು ಎರಡು. ನಮ್ಮಣ್ಣಗ ಮನ್ಯಾಗ ಎರ್ರಿ ಅಂತೀವಿ, ಶಾಲ್ಯಾಗ ಎರ್ರಿಸ್ವಾಮಿ ಅಂತಾರ. ಎರ್ರಿ ಉಂಡ್ರ ಎರ್ರಿಸ್ವಾಮಿ ಹೊಟ್ಟಿ ತುಂಬತೈತಿ. ಎರ್ರಿನ ಶೂಲಕ್ಕ ಹಾಕಿದ್ರ..." ಅವನು ಅಣ್ಣನಿದ್ದ ಸೆರೆಮನೆಯ ಕಡೆ ಕೈ ತೋರಿಸಿದ. "ಎರ್ರಿಸ್ವಾಮಿ ಉಳಿಯಂಗಿಲ್ರಿ."

"ಬೇಗ ಸರಿಮಾಡಪ್ಪ!" ದೊರೆ ಸಿಂಹಾಸನದಿಂದ ಎದ್ದೇಬಿಟ್ಟ.

"ಹೊಸದಾಗಿ ಒಂದು ಖಾಲಿ ಸಾಲು ಮಾಡ್ರಿ ದೊರೆಸಾನಿ. ಇನ್ನಮ್ಯಾಗ ಶೂಲದ ಸಾಲು ಅಂದ್ರ ಅದು ಅಂತ ಬರೀರಿ. ಹಳೇದಕ್ಕ ಕೈ ಹಚ್ಚಬ್ಯಾಡ್ರಿ."

ಚಿನ್ನಾಂಬೆ ಬರೆದಳು. ಶೂಲದ ಸಾಲು ತೆರೆದು ನೋಡಿದರೆ ಒಂದು ಹೆಸರೂ ಇಲ್ಲ. ದೊರೆ, ಪಂಡಿತ, ಪಾಳೆಯಗಾರನ ಮಗ, ಎರ್ರಿಸ್ವಾಮಿ, ಎಲ್ಲರೂ ಮನ್ನಣೆಯ ಸಾಲಿನಲ್ಲಿ ಹಾಯಾಗಿ ಕೂತಿದ್ದರು.

"ಭಲೇ! ಏನು ಬೇಕೋ ಬೇಡು," ಎಂದ ದೊರೆ.

"ಈಗ ಹೆಂಗೈತೋ ಹಂಗೇ ಬಿಟ್ಟುಬಿಡ್ರಿ," ಎಂದು ಗಾದಿಲಿಂಗ ಕೈಮುಗಿದ. "ಶೂಲದ ಸಾಲಿಗೆ ಇನ್ನ ಯಾರ ಹೆಸರೂ ಬ್ಯಾಡ."

ದೊರೆ ಹೂಂ ಎಂದ. ತನ್ನ ಹೆಸರು ಅಲ್ಲಿಗೆ ಹೋಗಿ ಬಂದ ಮೇಲೆ ಯಾವ ದೊರೆ ತಾನೆ ಆಗದೆಂದಾನು? ಗಾದಿಲಿಂಗನನ್ನು ಸ್ಕ್ರಿಪ್ಟ್ ಶಾಲೆಗೆ ಒಡೆಯನನ್ನಾಗಿ ಮಾಡಿದ. ಚಿನ್ನಾಂಬೆ ತಾನೇ ಅಂಗಳಕ್ಕೆ ಹೋಗಿ ತನ್ನ ತಪ್ಪನ್ನು ಕೂಗಿದಳು. ಮೊದಲ ಸಲವಾದ್ದರಿಂದ ದನಿ ಸಣ್ಣಗಿತ್ತು, ಆದರೂ ಊರಿಗೆ ಕೇಳಿಸಿತು.

ಯಂತ್ರ ಸೆರೆಮನೆಯ ಬಾಗಿಲು ತೆಗೆದು, ಮನ್ನಣೆಯ ಸಾಲಿನಲ್ಲಿದ್ದವರಿಗೆಲ್ಲ ಒಂದೊಂದು ಶಾಲು ಹೊದಿಸಿ ಹೊರಗೆ ಬಿಟ್ಟಿತು. ಶೂಲಕ್ಕೆಂದು ಕಣ್ಣು ಮುಚ್ಚಿಕೊಂಡೇ ಬಂದ ಎರ್ರಿಸ್ವಾಮಿ ಹೆಗಲ ಮೇಲಿನ ಜರಿಯನ್ನು ಮುಟ್ಟಿ ನೋಡಿ ಮೆಲ್ಲಗೆ ಕಣ್ಣು ಬಿಟ್ಟ. ಎದುರಿಗೆ ಬರಿಗಾಲಲ್ಲಿ ತಮ್ಮ ನಿಂತಿದ್ದ.

"ಗಾದಿ, ನೀನ್ಯಾಕಲೇ ಇಲ್ಲಿಗೆ ಬಂದಿ?"

"ನಿನ್ನ ಮನಿಗೆ ಕರಕಂಡು ಹೋಗಾಕ ಬಂದೀನಣ್ಣ," ಎಂದ ಗಾದಿಲಿಂಗ. ಅಣ್ಣ ತನ್ನ ಶಾಲನ್ನು ತೆಗೆದು ತಮ್ಮನ ಹೆಗಲಿಗೆ ಹಾಕಿ ಬಿಗಿಯಾಗಿ ತಬ್ಬಿಕೊಂಡ.